ಮೊದಲು ಕೂತುಕೊಳ್ಳಿ

ಟೀಚರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಖಂಡಿತ ಸಿಟ್ಟು ಬರುತ್ತಿತ್ತು. ಮಣಿಪಾಲದ ಹತ್ತಿರದ ಬನ್ನಂಜೆಯಲ್ಲಿ ಅಷ್ಟು ವರ್ಷ ಇಂಗ್ಲಿಷ್ ಮಾತಾಡಲು ಕಲಿಸಿದವರು ಮೆಟ್ಟಿಲ ಬುಡದಲ್ಲಿ ಒಂದು ಬೋರ್ಡು ಸಹ ಹಾಕಿಸಿರಲಿಲ್ಲ. "ಬೇಕಾದವರು ಕೇಳಿಕೊಂಡು ಬರುತ್ತಾರೆ, ಬೇಡದವರು ಬೋರ್ಡು ಓದಿಯೂ ಬರುವುದಿಲ್ಲ" ಎನ್ನುತ್ತಿದ್ದರು. ತಮ್ಮ ಪೂರ್ತಿ ಹೆಸರನ್ನು ಊರಿಗೆಲ್ಲ ಕೇಳುವ ಹಾಗೆ ಅವರು ಹೇಳಿದ್ದು ನನಗೆ ತಿಳಿದ ಮಟ್ಟಿಗೆ ಒಂದೇ ಸಲ, ಅದೂ ಇನ್ನೊಬ್ಬರಿಗಾಗಿ. ಹೋದ ತಿಂಗಳು ಕಾಪುವಿನಲ್ಲಿ ಅವರನ್ನು ಮಣ್ಣು ಮಾಡಿ ಬಂದಂದಿನಿಂದ ಅಂಗಡಿಯಲ್ಲಿ ಕೂತರೆ ಅವರದೇ ನೆನಪು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ನನ್ನದು ಅದೇ ರಸ್ತೆಯಲ್ಲಿ ಒಂದು ಫ್ಯಾನ್ಸಿ ಅಂಗಡಿ. ಮಣಿಪಾಲದ ಹಾಸ್ಟೆಲಿನ ಹುಡುಗಿಯರು ಕ್ಲಿಪ್ಪು, ಬಳೆ, ಬಿಂದಿ ಹುಡುಕಿಕೊಂಡು ಬರುತ್ತಾರೆ. ದಿಲ್ಲಿಯವರು, ಕೇರಳದವರು, ಮಲೇಷ್ಯಾದವರು, ಹೀಗೆ ಎಲ್ಲ ಊರಿನವರು. ಅವರು ಏನೋ ಕೇಳುವುದು, ನಾನು ಇನ್ನೇನೋ ಎತ್ತಿ ಕೊಡುವುದು, ಅವರು ತಮ್ಮತಮ್ಮಲ್ಲಿ ನಗುವುದು. ನಗುವುದು ಬಳೆಯನ್ನು ನೋಡಿಯೋ ನನ್ನನ್ನು ನೋಡಿಯೋ ತಿಳಿಯಬೇಕಲ್ಲ, ಅದಕ್ಕೇ ಕ್ಲಾಸಿಗೆ ಸೇರಿದೆ. ಅನುಮಾನ ನನ್ನ ಹುಟ್ಟುಗುಣ. ಐನೂರರ ನೋಟನ್ನು ಬೆಳಕಿಗೆ ಹಿಡಿಯದೆ ನಾನು ಸ್ವಂತ ತಾಯಿಯಿಂದಲೂ ತೆಗೆದುಕೊಂಡವಳಲ್ಲ.

ಕ್ಲಾಸು ಇದ್ದದ್ದು ಒಬ್ಬ ಟೈಲರ ಅಂಗಡಿಯ ಮಾಳಿಗೆಯಲ್ಲಿ. ಕೆಳಗೆ ಹೊಲಿಗೆ ಯಂತ್ರದ ಸದ್ದು, ಮೇಲೆ ನಮ್ಮ ಇಂಗ್ಲಿಷಿನ ಸದ್ದು. ಎರಡರಲ್ಲಿ ಯಾವುದಕ್ಕೆ ಎಣ್ಣೆ ಬಿಡಬೇಕು ಎಂದು ಹೇಳುವುದು ಕಷ್ಟವಿತ್ತು. ಕುವೈತಿಗೆ ಹೊರಟ ನರ್ಸುಗಳು, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿ ಹೋಂವರ್ಕಿಗೆ ಹೆದರುವ ತಾಯಂದಿರು, ಮಣಿಪಾಲದ ಹುಡುಗರೊಡನೆ ಬಾಡಿಗೆಯ ಚರ್ಚೆಯಲ್ಲಿ ಸೋತು ಬಂದ ರಿಕ್ಷಾದ ಶೇಖರಣ್ಣ, ಇಂಥವರು ನಾವು. ಮನೆಯಲ್ಲಿ ಕೆಲವರದು ತುಳು, ಕೆಲವರದು ಕೊಂಕಣಿ. ಹಾಗಾಗಿ ಇಂಗ್ಲಿಷ್ ಕಲಿಯಲು ಬಂದವರೆಲ್ಲ ಮೊದಲು ಚೆನ್ನಾಗಿ ಕಲಿತದ್ದು ಕನ್ನಡವನ್ನು.

ಟೀಚರ್ ಕಾಪುವಿನ ಕ್ರಿಶ್ಚಿಯನ್ ಕುಟುಂಬದವರು. ಚಿಕ್ಕ ವಯಸ್ಸಿಗೇ ಬಹರೇನಿಗೆ ಹೋಗಿ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರು. ತಂಗಿಯರ ಮದುವೆ, ತಮ್ಮನ ಓದು, ಮನೆ ಕಟ್ಟಿಸುವುದು, ಎಲ್ಲ ಮುಗಿಸಿ ಬರುವಾಗ ತಮ್ಮ ಮದುವೆಯ ಹೊತ್ತು ಮೀರಿತ್ತು. ಅದರ ಬಗ್ಗೆ ಯಾರಾದರೂ ಕೇಳಿದರೆ, "ನನಗೆ ಹೇಳಿಟ್ಟ ಗಂಡು ಎಲ್ಲಿಯೋ ವೀಸಾಕ್ಕೆ ಕಾಯುತ್ತಾ ಕೂತಿರಬೇಕು, ಪಾಪ" ಎನ್ನುತ್ತಿದ್ದರು. ಗಂಜಿ ಹಾಕಿದ ಹತ್ತಿಯ ಸೀರೆ, ಅಂಗೈಯ ಕಡೆಗೆ ತಿರುಗಿಸಿ ಕಟ್ಟಿದ ವಾಚು, ಬಿಸಿಲಿಗೂ ಮಳೆಗೂ ಒಂದೇ ಕರಿ ಕೊಡೆ. ಯಾರಾದರೂ ಮಾತಾಡಲು ನಾಚಿದರೆ ಆ ಕೊಡೆಯ ತುದಿಯಿಂದ ಬೆಂಚಿಗೆ ಕುಟ್ಟಿ, "ಬಾಯಿ ತೆರೆಯಿರಿ ಮಾರಾಯ್ರೆ, ಇಂಗ್ಲಿಷ್ ಕಚ್ಚುವುದಿಲ್ಲ" ಎನ್ನುವರು. ನನಗೆ ಮಾತ್ರ 'ನೀನು'. ಅಂಗಡಿ ಹತ್ತಿರದ್ದೇ ಆದ್ದರಿಂದ ಆ ಸಲಿಗೆ.

ಅವರಿಗೆ ಎರಡು ಹಟ ಇತ್ತು. ಒಂದು, ಯಾರಿಗೂ ಧರ್ಮಕ್ಕೆ ಕಲಿಸುವುದಿಲ್ಲ. "ಧರ್ಮಕ್ಕೆ ಕಲಿತದ್ದು ನಾಲಗೆಯಲ್ಲಿ ನಿಲ್ಲುವುದಿಲ್ಲ." ಹಣ ಇಲ್ಲದವರು ಎಂತಾದರೂ ತರಬೇಕು. ಬಸಳೆಯ ಕಟ್ಟು ಬರುತ್ತಿತ್ತು, ಬಂಗುಡೆ ಮೀನು ಬರುತ್ತಿತ್ತು, ಒಬ್ಬಳು ಇಡೀ ವರ್ಷ ಎಳನೀರಿನಲ್ಲೇ ಗ್ರಾಮರ್ ಮುಗಿಸಿದ್ದಳು. ಆದರೆ ಆ ಫೀಸನ್ನು ಕೊಡುವುದಕ್ಕೂ ಒಂದು ಕ್ರಮ. ನಿಂತುಕೊಂಡು ಕೈ ಚಾಚಿದರೆ ಮುಟ್ಟುತ್ತಿರಲಿಲ್ಲ. "ಮೊದಲು ಕೂತುಕೊಳ್ಳಿ" ಎಂದು ಎದುರಿನ ಕುರ್ಚಿ ತೋರಿಸುವರು. ಫ್ಲಾಸ್ಕಿನಿಂದ ಎರಡು ಲೋಟ ಚಾ ಬಗ್ಗಿಸುವರು. ಚಾ ಮುಗಿದ ಮೇಲೆ ಫೀಸು. "ನಿಂತು ಕೊಟ್ಟರೆ ಭಿಕ್ಷೆ ಹಾಕಿದ ಹಾಗೆ, ನಿಂತು ತೆಗೆದುಕೊಂಡರೆ ಬೇಡಿದ ಹಾಗೆ. ಇಬ್ಬರೂ ಕೂತರೆ ಅದು ಮನುಷ್ಯರ ವ್ಯವಹಾರ." ಅಂಗಡಿ ಬಿಟ್ಟು ಬಂದ ನನಗೆ ಈ ಚಾದ ಪೂಜೆ ಕಾಲಹರಣವಾಗಿ ಕಾಣುತ್ತಿತ್ತು.

ಎರಡನೆಯ ಹಟ, ಕಲಿತ ಪದವನ್ನು ಕಣ್ಣಿನಿಂದ ನೋಡಿ ಬರಬೇಕು. ಬ್ಯಾಂಕಿನ ಪದಗಳಾದರೆ ಬ್ಯಾಂಕಿಗೆ, ಹರಾಜಿನ ಪದಗಳಾದರೆ ಮಲ್ಪೆಯ ಮೀನು ಬಂದರಿಗೆ. 'ಕಂಪ್ಲೇಂಟ್' ಎಂಬ ಪಾಠದ ವಾರ ನಮ್ಮನ್ನೆಲ್ಲ ಕೆಳಗಿನ ಟೈಲರ ಹತ್ತಿರ ಕಳುಹಿಸಿದರು. ಹೆಂಗಸರು ಒಬ್ಬೊಬ್ಬರಾಗಿ ಹೋಗಿ ರವಿಕೆಯ ತೋಳು ಬಿಗಿ, ಕುತ್ತಿಗೆ ಅಗಲ, ಹುಕ್ಕು ಸಡಿಲ ಎಂದು ಇಂಗ್ಲಿಷಿನಲ್ಲಿ ದೂರು ಕೊಟ್ಟರು. ಟೈಲರಣ್ಣ ಬಾಯಲ್ಲಿ ಸೂಜಿ ಕಚ್ಚಿಕೊಂಡು ಎಲ್ಲವನ್ನೂ ಕೇಳಿ ಮರುದಿನ ತಾವೇ ಮೇಲೆ ಬಂದು ಕ್ಲಾಸಿಗೆ ಸೇರಿದರು. "ಬೈದದ್ದು ಎಂತ ಅಂತ ಗೊತ್ತಾಗಬೇಕಲ್ಲ ಟೀಚರ್" ಎಂದರು.

ಮೋಸದ ಫೋನು ಬಂದರೆ ಟೀಚರಿಗೆ ಹಬ್ಬ. ನಿಮ್ಮ ಖಾತೆ ಬಂದ್ ಆಗಿದೆ, ಕೂಡಲೇ ನಂಬರು ಹೇಳಿ ಎಂದು ಒಬ್ಬ ಕ್ಲಾಸಿನ ನಡುವೆಯೇ ಇಂಗ್ಲಿಷಿನಲ್ಲಿ ಗದರಿಸಿದ. ಟೀಚರ್ ಸ್ಪೀಕರ್ ಹಾಕಿ ಅವನನ್ನು ಮೆಲ್ಲನೆ ಮಾತಿಗೆಳೆದರು. ಊಟವಾಯಿತೇ, ಯಾವ ಊರು, ತಾಯಿ ಇದ್ದಾರೆಯೇ ಎಂದೆಲ್ಲ ಕೇಳಿ ಕೊನೆಗೆ, "ಇಷ್ಟು ಚೆಂದದ ಸ್ವರ ಉಂಟಲ್ಲ ಮಗಾ, ರೇಡಿಯೋದಲ್ಲಿ ಕೆಲಸ ಹುಡುಕು" ಎಂದರು. ಅವನೇ ಫೋನು ಇಟ್ಟ. "ನೋಡಿ, ಮೋಸಗಾರನಿಗೂ ಅವಸರ, ದಾನಿಗೂ ಅವಸರ. ಇಬ್ಬರ ಅವಸರ ಒಟ್ಟಾದರೆ ಕೆಲಸ ಕೆಟ್ಟಿತು" ಎಂದು ಮತ್ತೆ ಚಾಕ್‌ಪೀಸು ಎತ್ತಿಕೊಂಡರು.

ಪ್ರಮೀಳಕ್ಕ ಸೇರಿದ್ದು ಒಂದು ಚಳಿಗಾಲದಲ್ಲಿ. ಕಾರ್ಕಳದ ಹತ್ತಿರದ ಒಂದು ಹಳ್ಳಿಯವರು, ಗಂಡ ಸೌದಿಯಲ್ಲಿ. ಸೀರೆಯ ನೆರಿಗೆ ಒಂದು ಚೂರೂ ಕದಲದ ಹಾಗೆ ಉಟ್ಟುಕೊಂಡು, ಕುತ್ತಿಗೆಗೆ ಸರ ಹಾಕಿಕೊಂಡು ಬಸ್ಸಿನಲ್ಲಿ ಬಂದು ಕೊನೆಯ ಬೆಂಚಿನಲ್ಲಿ ಕೂರುವರು. ಯಾಕೆ ಕಲಿಯುತ್ತೀರಿ ಎಂದು ಟೀಚರ್ ಕೇಳಿದಾಗ ಹೇಳಿದ್ದು ಇಷ್ಟೇ: "ಮಗಳಿಗೆ ಮಣಿಪಾಲದಲ್ಲಿ ಮದ್ದು ನಡೆಯುತ್ತಾ ಉಂಟು. ಡಾಕ್ಟ್ರುಗಳು ಅವಳನ್ನು ನೋಡಿ ಅವರವರೊಳಗೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನನ್ನ ಮಗಳ ವಿಷಯ ಎಲ್ಲರಿಗೂ ತಿಳಿಯುತ್ತದೆ, ನನಗೊಬ್ಬಳಿಗೆ ತಿಳಿಯುವುದಿಲ್ಲ." ಮಣಿಪಾಲಕ್ಕೆ ಮದ್ದಿಗೆ ಬರುವವರೇನು ಒಬ್ಬರೇ ಇಬ್ಬರೇ. ನಾವು ಯಾರೂ ಹೆಚ್ಚು ಕೇಳಲಿಲ್ಲ.

ಆ ವರ್ಷ ಬೇಸಗೆ ಶುರುವಾಗುವಾಗ ದಾನಧರ್ಮದ ಪಾಠ ಬಂತು. ಹೊರದೇಶದ ಇಂಟರ್‌ವ್ಯೂನಲ್ಲಿ ನರ್ಸುಗಳಿಗೆ ಇಂಥ ಪ್ರಶ್ನೆ ಬರುತ್ತದಂತೆ. ಕರಿಹಲಗೆಯ ತುಂಬ ಪದಗಳು: ಚಾರಿಟಿ, ವಾಲಂಟಿಯರ್, ಡೊನೇಶನ್, ಅಪೀಲ್, ಬೆನಿಫಿಷಿಯರಿ. ಅವುಗಳ ನಡುವೆಯೇ ಫ್ರಾಡ್, ಫೇಕ್, ಸ್ಕ್ಯಾಮ್. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆಬೇರೆ ಬರೆಯಬಾರದಾ ಎಂದು ಟೈಲರಣ್ಣ ಕೇಳಿದರು. "ಬೆಲ್ಲ ಇದ್ದಲ್ಲಿಗೇ ಅಲ್ವಾ ಇರುವೆ ಬರುವುದು? ಒಟ್ಟಿಗೇ ಇರಲಿ" ಎಂದರು ಟೀಚರ್.

ಆ ವಾರ ಅವರಿಗೆ ಬಹಳ ಹುರುಪು. ಸಭೆಗಳಲ್ಲಿ ಸಹಾಯಧನ ಹಂಚುವುದನ್ನು ನಮ್ಮ ಮುಂದೆ ಅಭಿನಯಿಸಿ ತೋರಿಸಿದರು. ಕೊಡುವವನು ಕ್ಯಾಮರಾ ನೋಡುತ್ತಾನೆ, ತೆಗೆದುಕೊಳ್ಳುವವನು ಕ್ಯಾಮರಾ ನೋಡುತ್ತಾನೆ, ಒಬ್ಬರನ್ನೊಬ್ಬರು ಯಾರೂ ನೋಡುವುದಿಲ್ಲ. ವಾಲಂಟಿಯರ್ ಎಂದರೆ ಯಾರು ಎಂದು ಕೇಳಿದ್ದಕ್ಕೆ, ಎದೆಗೆ ಬ್ಯಾಡ್ಜ್ ಹಾಕಿಕೊಂಡು ಬಾಗಿಲಲ್ಲಿ ನಿಂತವನಲ್ಲ, ಊಟ ಮುಗಿದ ಮೇಲೆ ಬೆಂಚು ಎತ್ತಿಡುವವನು ಎಂದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಯಾರೋ ಗಾದೆ ಹೇಳಿದರು. "ಎಡಗೈಗೆ ತಿಳಿಯದಿದ್ದರೆ ಬೇಡ. ಬಲಗೈಗಾದರೂ ಯಾರಿಗೆ ಕೊಟ್ಟೆ ಅಂತ ಗೊತ್ತಿರಬೇಕಲ್ಲ?" ಎಂದು ಟೀಚರ್ 'ವೆರಿಫೈ' ಎಂಬ ಪದವನ್ನು ದೊಡ್ಡದಾಗಿ ಬರೆದರು. ಮರುದಿನಕ್ಕೆ ಎಲ್ಲರೂ ತಮ್ಮ ಫೋನಿಗೆ ಬಂದ ಒಂದೊಂದು ಅಪೀಲನ್ನು ತರಬೇಕು, ಅದು ನಿಜವೋ ಮೋಸವೋ ಇಂಗ್ಲಿಷಿನಲ್ಲಿ ಹೇಳಬೇಕು.

ಮರುದಿನ ಮೊದಲು ಎದ್ದವರು ಶೇಖರಣ್ಣ. ಕಾರ್ಕಳದ ಕಡೆಯ ಒಬ್ಬ ಹುಡುಗಿಗೆ ಬೆನ್ನೆಲುಬು ಬಾಗುತ್ತಿದೆ, ಉಸಿರಾಟಕ್ಕೂ ತೊಂದರೆಯಾಗಿದೆ, ಮಣಿಪಾಲದಲ್ಲಿ ಬೇಗ ಆಪರೇಷನ್ ಆಗಬೇಕು, ದಾನಿಗಳು ನೆರವಾಗಬೇಕು ಎಂದು ಅಲ್ಲಿಯ ಯುವಕ ಮಂಡಲದವರು ಹಾಕಿದ ಅಪೀಲು. ತಂದೆಯ ಹೆಸರು, ಹುಡುಗಿಯ ಫೋಟೋ. ಅದರ ಕೆಳಗೆ ಬೇರೆ ಯಾರೋ ಎರಡು ಫೋಟೋ ಅಂಟಿಸಿ ಮುಂದಕ್ಕೆ ಕಳುಹಿಸಿದ್ದರು. ಒಂದರಲ್ಲಿ ಗುಲಾಬಿ ಬಣ್ಣದ ಮಾಳಿಗೆ ಮನೆ, ಸ್ಟೀಲಿನ ಗೇಟು, ಮೇಲಿನ ಅಂತಸ್ತಿನಲ್ಲಿ ಸಾಲಾಗಿ ಗಾಜಿನ ಕಿಟಕಿ. ಇನ್ನೊಂದರಲ್ಲಿ ಯಾವುದೋ ಮದುವೆಯ ಚಪ್ಪರದಲ್ಲಿ ಒಬ್ಬ ಹೆಂಗಸಿನ ಕುತ್ತಿಗೆ, ಕುತ್ತಿಗೆಯಲ್ಲಿ ದಪ್ಪ ಸರ. ಮುಖ ಇರಲಿಲ್ಲ. ಶೇಖರಣ್ಣ ಕೆಳಗಿದ್ದ ಸಾಲುಗಳನ್ನು ಗಟ್ಟಿಯಾಗಿ ಓದಿದರು: "ತಂದೆ ಗಲ್ಫಿನಲ್ಲಿ. ಮನೆ ನೋಡಿ, ಚಿನ್ನ ನೋಡಿ. ಇದು ಫೇಕ್. ಯಾರೂ ಹಣ ಹಾಕಬೇಡಿ."

"ನಿಮಗೆ ಎಂತ ಅನ್ನಿಸುತ್ತದೆ ಶೇಖರ್?" ಎಂದು ಟೀಚರ್ ಕೇಳಿದರು.

"ಫ್ರಾಡ್ ಟೀಚರ್. ಇಂಥ ಬಂಗಲೆಯಲ್ಲಿ ಇರುವವರಿಗೆ ನಾವು ರಿಕ್ಷಾದವರು ಕೊಡುವುದಾ?"

ಕ್ಲಾಸಿಗೆ ಕ್ಲಾಸೇ ತಲೆಯಾಡಿಸಿತು. ನಮ್ಮ ಕಡೆ ಒಂದು ನಂಬಿಕೆ ಉಂಟು. ಗಲ್ಫಿನಲ್ಲಿ ಒಬ್ಬ ಇದ್ದರೆ ಕಷ್ಟ ಎಂಬುದು ಆ ಮನೆಯ ಗೇಟಿನ ಹೊರಗೇ ಚಪ್ಪಲಿ ಬಿಟ್ಟು ನಿಲ್ಲುತ್ತದೆ ಎಂದು. ಟೀಚರ್ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚು ಕಿರುಗುಟ್ಟಿತು. ಸೇರಿದಂದಿನಿಂದ ಒಮ್ಮೆಯೂ ತಾವಾಗಿ ಇಂಗ್ಲಿಷ್ ಆಡದ ಪ್ರಮೀಳಕ್ಕ ಎದ್ದು ನಿಂತಿದ್ದರು.

"ಟೀಚರ್, ದಟ್ ಈಸ್ ಮೈ ಹೌಸ್" ಎಂದರು. ಸ್ವಲ್ಪ ತಡೆದು, "ದಟ್ ಈಸ್ ಮೈ ಡಾಟರ್. ಐ ಆಮ್ ನಾಟ್ ಫ್ರಾಡ್."

ಕೆಳಗಿನ ಹೊಲಿಗೆ ಯಂತ್ರ ಸಹ ಆ ಹೊತ್ತಿಗೆ ನಿಂತಿತ್ತು. ಟೈಲರಣ್ಣ ನಮ್ಮ ಪಕ್ಕದಲ್ಲೇ ಕೂತಿದ್ದರಲ್ಲ. ಶೇಖರಣ್ಣ ಫೋನನ್ನು ಎಲ್ಲಿಡಬೇಕೆಂದು ತಿಳಿಯದೆ ಕಿಸೆಗೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದರು. ಟೀಚರ್ ಆ ದಿನ ಯಾರ ಇಂಗ್ಲಿಷನ್ನೂ ತಿದ್ದಲಿಲ್ಲ. ಕೊಡೆ ಬದಿಗಿಟ್ಟು ಹಿಂದಿನ ಬೆಂಚಿನವರೆಗೆ ನಡೆದು ಹೋಗಿ ಪ್ರಮೀಳಕ್ಕನ ಪಕ್ಕದಲ್ಲಿ ಕೂತರು.

"ಪ್ರಮೀಳಾ, ನಾಳೆ ಆದಿತ್ಯವಾರ. ನಾವು ಒಂದಿಬ್ಬರು ನಿಮ್ಮ ಮನೆಗೆ ಬರಬಹುದಾ? ಪರೀಕ್ಷೆ ಮಾಡಲಿಕ್ಕೆ ಅಲ್ಲ, ಚಾ ಕುಡಿಯಲಿಕ್ಕೆ."

ಪ್ರಮೀಳಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. "ಪರೀಕ್ಷೆ ಮಾಡಲಿಕ್ಕೇ ಬನ್ನಿ ಟೀಚರ್. ಚಾ ಹೇಗೂ ಕೊಡುತ್ತೇನೆ."

ಆ ಉತ್ತರ ಕೇಳಿ ನನಗೆ ಈ ಹೆಂಗಸಿನ ಮೇಲೆ ಪ್ರೀತಿ ಹುಟ್ಟಿತು.

ಆದಿತ್ಯವಾರ ಬೆಳಿಗ್ಗೆ ಇಗರ್ಜಿಯ ಪ್ರಾರ್ಥನೆ ಮುಗಿಸಿ ಟೀಚರ್ ಬಸ್‌ಸ್ಟ್ಯಾಂಡಿಗೆ ಬಂದರು. ನಾನು, ಟೈಲರಣ್ಣ, ಶೇಖರಣ್ಣ. ಮಣಿಪಾಲ, ಹಿರಿಯಡ್ಕ, ಬೈಲೂರು ದಾಟಿ ಹೋಗುವ ಬಸ್ಸು. ಶೇಖರಣ್ಣ ಎಲ್ಲರ ಟಿಕೆಟನ್ನೂ ತಾವೇ ತೆಗೆಸಿದರು. ಕಾರ್ಕಳದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಹೋದರೆ ಫೋಟೋದಲ್ಲಿ ಕಂಡ ಅದೇ ಮನೆ. ಅದೇ ಗುಲಾಬಿ ಬಣ್ಣ, ಅದೇ ಗೇಟು, ಮೇಲೆ ಅದೇ ಗಾಜಿನ ಕಿಟಕಿಗಳು ಬಿಸಿಲಿಗೆ ಮಿನುಗುತ್ತಿದ್ದವು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅದು ಯಾರ ಬಗ್ಗೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಚಾವಡಿಗೆ ಟೈಲ್ಸ್ ಉಂಟು. ಅದನ್ನು ದಾಟಿದರೆ ಬರೀ ಸಿಮೆಂಟಿನ ನೆಲ, ಗಾರೆ ಕಾಣದ ಕೆಂಪು ಕಲ್ಲಿನ ಗೋಡೆ, ಬಾಗಿಲಿನ ಬದಲು ಹಳೆಯ ಸೀರೆಯ ಪರದೆ. ಹುಡುಗಿ ಅಕ್ಷತಾ ಒಂದು ಬದಿಗೆ ವಾಲಿಕೊಂಡು, ಗೋಡೆಗೆ ಕೈ ಕೊಟ್ಟು ಬಂದು ನಮಗೆ ನೀರು ಕೊಟ್ಟಳು. ಪ್ರಮೀಳಕ್ಕ ನಮ್ಮನ್ನು ಹಿತ್ತಿಲ ಕಡೆಯ ಏಣಿಯಿಂದ ಮೇಲೆ ಹತ್ತಿಸಿದರು. ಮೇಲೆ ಮನೆಯೇ ಇರಲಿಲ್ಲ. ರಸ್ತೆಯ ಕಡೆಗೆ ಮಾತ್ರ ಒಂದು ಗೋಡೆ ಎದ್ದು ನಿಂತಿತ್ತು. ಅದರ ಹಿಂದೆ ಬಟ್ಟಬಯಲು ತಾರಸಿ, ತುಕ್ಕು ಹಿಡಿದ ಕಂಬಿಗಳು. ಹೊರಗಿನಿಂದ ನೋಡಿದವರಿಗೆ ಹೊಳೆಯುವ ಆ ಕಿಟಕಿಗಳ ಈಚೆ ನಾವು ಬಿಸಿಲಿನಲ್ಲಿ ನಿಂತಿದ್ದೆವು.

ಟೀಚರ್ ನಕ್ಕರು. ಗೇಲಿಯ ನಗು ಅಲ್ಲ, ಹಳೆಯ ಪರಿಚಯದವರನ್ನು ಕಂಡಾಗ ಬರುವ ನಗು. "ನನ್ನ ಕಾಪುವಿನ ಮನೆಯೂ ಹೀಗೇ ಇತ್ತು ಮಾರಾಯ್ತಿ. ರಜೆಗೆ ಬಂದವರು ಮೊದಲು ಮುಂಭಾಗ ಮುಗಿಸುವುದು. ಊರಿಗೆ ಕಾಣುವುದು ಅದೇ ಅಲ್ವಾ? ನಮ್ಮ ಅಡಿಗೆಮನೆಗೆ ಬಾಗಿಲು ಕೂತದ್ದು ನನ್ನ ಕೊನೆಯ ರಜೆಯಲ್ಲಿ."

ಪ್ರಮೀಳಕ್ಕನ ಗಂಡನಿಗೆ ಆ ಮುಂದಿನ ರಜೆ ಬರಲೇ ಇಲ್ಲ. ಅವರ ಕಂಪೆನಿ ಮುಚ್ಚಿ ಹೋಗಿತ್ತು. ಸಂಬಳ ಸಿಕ್ಕಿರಲಿಲ್ಲ, ಕಾಗದಪತ್ರ ಸರಿಯಾಗದೆ ಊರಿಗೆ ಬರುವಂತೆಯೂ ಇರಲಿಲ್ಲ. ಇದನ್ನು ಗಂಡ ಹೆಂಡತಿ ಇಬ್ಬರೂ ಯುವಕ ಮಂಡಲದವರಿಗೂ ಹೇಳಿರಲಿಲ್ಲ. ಚಿನ್ನವೆಲ್ಲ ಮಗಳ ಮದ್ದಿಗೆ ಹೋದ ಮೇಲೆ ಪ್ರಮೀಳಕ್ಕ ಅದೇ ನಮೂನೆಯ ರೋಲ್ಡ್‌ಗೋಲ್ಡ್ ಸರ ತಂದು ಹಾಕಿಕೊಂಡಿದ್ದರು. ಸರ ಇಲ್ಲದೆ ಮದುವೆಗೆ ಹೋದರೆ ಜನ ಕೇಳುತ್ತಾರಲ್ಲ. ಮರ್ಯಾದೆ ಉಳಿಸಿಕೊಳ್ಳಲು ಹಾಕಿಕೊಂಡದ್ದೇ ಅವರನ್ನು ಮೋಸಗಾರರನ್ನಾಗಿ ಮಾಡಿತ್ತು. ಆ ಸಂದೇಶ ಹಬ್ಬಿದ ಮೇಲೆ ಬರುತ್ತಿದ್ದ ನೆರವು ಪೂರಾ ನಿಂತು ಹೋಗಿತ್ತು. ಡಾಕ್ಟರು ಹೇಳಿದ ಗಡುವು ಹತ್ತಿರ ಬರುತ್ತಿತ್ತು.

"ನಾನು ಜನರಿಗೆ ಹೇಳುತ್ತೇನೆ" ಎಂದರು ಟೀಚರ್. "ಆದರೆ ಕೆಲಸ ಹೋದದ್ದನ್ನೂ ಹೇಳಬೇಕಾಗುತ್ತದೆ. ಅರ್ಧ ಹೇಳಿದರೆ ಪುನಃ ಅನುಮಾನ. ಹೇಳಬಹುದಾ ಬೇಡವಾ ಅಂತ ನೀವಿಬ್ಬರೇ ನೋಡಿ."

ಪ್ರಮೀಳಕ್ಕ ತಾರಸಿಯ ಮೂಲೆಗೆ ಹೋಗಿ ಗಂಡನಿಗೆ ಫೋನು ಮಾಡಿದರು. ತುಳುವಿನಲ್ಲಿ ಮಾತಾಡುವುದು ನಮಗೆ ಕೇಳುತ್ತಿತ್ತು. ಆ ಕಡೆ ಇದ್ದದ್ದು ಊರಿನವರ ಕಣ್ಣಿನಲ್ಲಿ ಅಷ್ಟು ವರ್ಷ ಸಾಹುಕಾರನಾಗಿ ಇದ್ದ ಮನುಷ್ಯ. ಕೊನೆಗೆ ಅವರು ಏನೋ ಹೇಳಿದರು, ಪ್ರಮೀಳಕ್ಕ ಕಣ್ಣೊರೆಸಿಕೊಂಡು ಬಂದರು. "ಹೇಳಲಿ ಅಂದ್ರು. ಮಗಳ ಬೆನ್ನು ನೆಟ್ಟಗಾಗಲಿ, ನಮ್ಮದು ಬಗ್ಗಿದರೂ ತೊಂದರೆ ಇಲ್ಲ ಅಂದ್ರು."

ಶೇಖರಣ್ಣ ತಾನೇ ವಿಡಿಯೋ ತೆಗೆಯುತ್ತೇನೆಂದು ಮುಂದೆ ಬಂದರು. ಟೀಚರ್ ಆ ಗೋಡೆಯ ಹಿಂಬದಿಗೆ ನಿಂತು, ಸೆರಗು ಸರಿಪಡಿಸಿಕೊಂಡು, ತಮ್ಮ ಪೂರ್ತಿ ಹೆಸರು ಹೇಳಿದರು. ತಂದೆಯ ಹೆಸರು, ಕಾಪುವಿನ ಮನೆಯ ಗುರುತು, ಬನ್ನಂಜೆಯ ಕ್ಲಾಸು, ಎಲ್ಲ ಹೇಳಿದರು. ಮೊದಲು ಕನ್ನಡದಲ್ಲಿ, ಮತ್ತೆ ತುಳುವಿನಲ್ಲಿ, ಕೊನೆಗೆ ಕೊಂಕಣಿಯಲ್ಲಿ. ಇಂಗ್ಲಿಷಿನ ಒಂದು ಪದ ಬರಲಿಲ್ಲ. "ಈ ಮನೆಯ ಮುಂದಿನ ಗೋಡೆಯನ್ನು ನೀವು ನೋಡಿದ್ದೀರಿ. ಹಿಂದೆ ಎಂತ ಉಂಟೆಂದು ನಾನು ನಿಂತು ತೋರಿಸುತ್ತಿದ್ದೇನೆ. ಇವರ ಯಜಮಾನರಿಗೆ ಕೆಲಸ ಇಲ್ಲ, ಊರಿಗೆ ಬರಲಿಕ್ಕೂ ಆಗುತ್ತಿಲ್ಲ. ಕೊಡುವುದು ಬಿಡುವುದು ನಿಮ್ಮ ಇಷ್ಟ. ಆದರೆ ಇದು ಸುಳ್ಳು ಅಂತ ಯಾರಿಗಾದರೂ ಅನ್ನಿಸಿದರೆ ಮೊದಲು ನನ್ನ ಹತ್ತಿರ ಬಂದು ಹೇಳಿ, ಆಮೇಲೆ ಊರಿಗೆ ಹೇಳಿ."

ಆ ಮೇಲೆ ಕೆಳಗಿಳಿದು ಚಾ ಕುಡಿದೆವು. ಟೀಚರ್ ತಮ್ಮ ಪಾಲಿನ ಹಣವನ್ನು ಕೊಟ್ಟದ್ದು ಚಾ ಮುಗಿದ ಮೇಲೆಯೇ, ಪ್ರಮೀಳಕ್ಕನನ್ನು ಎದುರಿಗೆ ಕೂರಿಸಿಕೊಂಡು. ಆವತ್ತು ಆ ಕ್ರಮ ನನಗೆ ಕಾಲಹರಣವಾಗಿ ಕಾಣಲಿಲ್ಲ.

ಟೀಚರಿಗೆ ಬೋರ್ಡು ಇರಲಿಲ್ಲ, ಆದರೆ ಅವರ ಕೈಯಲ್ಲಿ ಕಲಿತು ಬಾಯಿ ತೆರೆದವರು ಕುವೈತಿನಿಂದ ಲಂಡನ್ನಿನವರೆಗೆ ಇದ್ದರು ಎಂದು ನಮಗೆ ತಿಳಿದದ್ದು ಆಗ. ಒಬ್ಬರ ಹಿಂದೊಬ್ಬರು ಫೋನು ಮಾಡಿದರು. ಟೀಚರ್ ಹೇಳಿದರೆ ಮುಗಿಯಿತು, ಇನ್ನು ವಿಚಾರಿಸಲಿಕ್ಕೆ ಎಂತ ಉಂಟು ಎಂದವರಿಗೆ, "ವಿಚಾರಿಸಿಯೇ ಕೊಡಿ. ಇವತ್ತು ನಾನು ಹೇಳಿದೆ ಅಂತ ಕೊಟ್ಟರೆ ನಾಳೆ ಕಳ್ಳ ಹೇಳಿದರೂ ಕೊಡುತ್ತೀರಿ" ಎಂದು ಬೈದರು. ಶೇಖರಣ್ಣ ರಿಕ್ಷಾ ಸ್ಟ್ಯಾಂಡಿನಲ್ಲಿ ಡಬ್ಬಿ ಇಟ್ಟರು. ಅಕ್ಷತಾಳ ಆಪರೇಷನ್ ಮಳೆಗಾಲಕ್ಕೆ ಮುಂಚೆಯೇ ಆಯಿತು. ಉಳಿದದ್ದನ್ನು ಪ್ರಮೀಳಕ್ಕ ಅದೇ ವಾರ್ಡಿನ ಇನ್ನೊಂದು ಮಗುವಿಗೆ ದಾಟಿಸಿದರು, ಆ ಮಗುವಿನ ಮನೆಯನ್ನು ಸ್ವತಃ ನೋಡಿ ಬಂದ ಮೇಲೆ. ಗಂಡ ಮುಂದಿನ ವರ್ಷ ಹೇಗೋ ಊರು ಸೇರಿದರು. ಮನೆಯ ಮೇಲಂತಸ್ತು ಮಾತ್ರ ಏಳಲಿಲ್ಲ. ಆ ಗೋಡೆಯ ಹಿಂದಿನ ತಾರಸಿಯಲ್ಲಿ ಈಗ ಕುಂಡಗಳಲ್ಲಿ ಮಲ್ಲಿಗೆ ಬೆಳೆಯುತ್ತಾರೆ, ದಿನಾ ಹೂವಿನ ಚೆಂಡು ಕಟ್ಟಿ ಮಾರಾಟದ ಕಟ್ಟೆಗೆ ಕಳುಹಿಸುತ್ತಾರೆ.

ಕೆಲವು ವರ್ಷಗಳ ಮೇಲೆ ಟೀಚರಿಗೇ ಕಿಡ್ನಿ ಕೈಕೊಟ್ಟಿತು. ಕ್ಲಾಸು ನಿಂತಿತು. ಕಾಪುವಿಗೆ ತಮ್ಮನ ಮನೆಗೆ ಹೋದರು, ಅಲ್ಲಿಂದ ವಾರವಾರ ಡಯಾಲಿಸಿಸ್ಸಿಗೆ ಮಣಿಪಾಲಕ್ಕೆ. ತಮ್ಮ ಒಳ್ಳೆಯವರು, ಆದರೆ ಸಣ್ಣ ಕೃಷಿಯ ಮನುಷ್ಯ. ಬಹರೇನಿನಲ್ಲಿ ಉಳಿಸಿದ್ದು ಕರಗುತ್ತಿದೆ ಎಂಬುದು ಟೀಚರ್ ಹಳೆಯ ಬಸ್ಸಿನಲ್ಲಿ ಒಬ್ಬರೇ ಹೋಗಿ ಬರುವುದನ್ನು ನೋಡಿದರೆ ತಿಳಿಯುತ್ತಿತ್ತು. ಶೇಖರಣ್ಣ ಒಂದು ಅಪೀಲು ಹಾಕುವುದೆಂದು ಹೊರಟರು. ನಾವೆಲ್ಲ ಹೋಗಿ ಕೇಳಿದಾಗ ಟೀಚರ್ ಹಾಸಿಗೆಯಲ್ಲೇ ಕೊಡೆ ಹುಡುಕಿದರು.

"ನನ್ನ ಫೋಟೋ ಫೋನಿನಲ್ಲಿ ಬಂದರೆ ನಿಮ್ಮನ್ನೆಲ್ಲ ಫೇಲ್ ಮಾಡಿ ಸಾಯುತ್ತೇನೆ. ಧರ್ಮಕ್ಕೆ ಕಲಿಸಿದವಳಲ್ಲ, ಧರ್ಮಕ್ಕೆ ತೆಗೆದುಕೊಳ್ಳುವವಳೂ ಅಲ್ಲ. ಹೋಗಿ, ಕೆಲಸ ನೋಡಿ."

ನಾನು ಜಗಳವಾಡಿದೆ. ಇಷ್ಟು ಗರ್ವ ಇರಬಾರದು ಟೀಚರ್ ಎಂದೂ ಹೇಳಿದೆ. ಏನೂ ಪ್ರಯೋಜನವಾಗಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಪ್ರಮೀಳಕ್ಕ ಕಿಟಕಿಯ ಹೊರಗೆ ನೋಡುತ್ತಾ, "ಅದು ಗರ್ವ ಅಲ್ಲ. ಕೈ ಚಾಚುವುದು ಹೇಗೆ ಅಂತ ನನಗೆ ಗೊತ್ತುಂಟು, ನಿಮಗೆ ಗೊತ್ತಿಲ್ಲ" ಎಂದರು. ಮರುದಿನ ಮತ್ತೆ ಹೋಗೋಣ ಎಂದು ನನ್ನನ್ನು ಒಬ್ಬಳನ್ನೇ ಕರೆದುಕೊಂಡು ಹೋದರು. ಕೈಯಲ್ಲಿ ಮಲ್ಲಿಗೆಯ ಚೆಂಡು, ಚೀಲದಲ್ಲಿ ಒಂದು ಕವರು.

"ಟೀಚರ್, ನಾನು ಕ್ಲಾಸಿಗೆ ಸೇರಲು ಬಂದದ್ದು."

"ಯಾವ ಕ್ಲಾಸು? ಮುಚ್ಚಿತಲ್ಲ."

"ನನಗೆ ಪಾಠ ಮುಗಿದಿಲ್ಲ. ಮಗಳಿಗೂ ಕಲಿಯಬೇಕಂತೆ. ಫೀಸು ಮುಂಗಡ ತಂದಿದ್ದೇನೆ." ಹಾಸಿಗೆಯ ಪಕ್ಕದ ಕುರ್ಚಿಯನ್ನು ತಾವೇ ಎಳೆದು ಕೂತರು. "ಚಾ ಎಲ್ಲಿ?"

ಟೀಚರ್ ಅವರನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಅದೂ ನನ್ನಂಥವಳಿಗೆ. ಆಮೇಲೆ ಒಳಗೆ ಕೂಗಿ ಚಾ ಹೇಳಿದರು.

ಹಾಗೆ ಕಾಪುವಿನ ಆ ಜಗಲಿಯಲ್ಲಿ ಕ್ಲಾಸು ಪುನಃ ಶುರುವಾಯಿತು. ಡಯಾಲಿಸಿಸ್ ಇಲ್ಲದ ದಿನ ನಾವು ಹೋಗುತ್ತಿದ್ದೆವು. ದೋಹಾದ ನರ್ಸುಗಳಿಗೆ ಇದ್ದಕ್ಕಿದ್ದಂತೆ ಇಂಗ್ಲಿಷ್ ಮರೆತು ಹೋಯಿತಂತೆ, ಫೋನಿನಲ್ಲೇ ಪಾಠ ಬೇಕಂತೆ. ಯಾರೂ ಫೀಸು ಎಷ್ಟೆಂದು ಕೇಳಲಿಲ್ಲ, ಟೀಚರೂ ನಮ್ಮೆದುರು ಕವರು ಬಿಚ್ಚಿ ನೋಡಲಿಲ್ಲ. ಆದರೆ ಪಾಠ ಸುಳ್ಳುಪಾಠವಾಗಿರಲಿಲ್ಲ. ಹೋಂವರ್ಕ್ ಮಾಡದೆ ಹೋದ ದಿನ ಕೊಡೆಯಿಂದ ಮಂಚಕ್ಕೆ ಕುಟ್ಟಿ ಮೊದಲಿನ ಹಾಗೇ ಬೈಯುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ ಅಕ್ಷತಾಳನ್ನು ತೋರಿಸಿ, "ಕೂತರೆ ಹೀಗೆ ಕೂರಬೇಕು" ಎಂದು ನನಗೆ ಹೇಳಿಕೊಡುವರು. ಕೊನೆಯ ವಾರ ಸ್ವರ ಬಿದ್ದು ಹೋಗಿತ್ತು. ಆಗಲೂ ನಾನು ಅವಸರದಲ್ಲಿ ನಿಂತೇ ಕವರು ಚಾಚಿದರೆ ಕಣ್ಣಿನಿಂದಲೇ ಕುರ್ಚಿ ತೋರಿಸಿದರು.

ಮಣ್ಣಾದ ಮೇಲೆ ಏಳನೆಯ ದಿನದ ಪೂಜೆಗೆ ನಾವು ಕಾಪುವಿಗೆ ಹೋಗಿದ್ದೆವು. ಇಗರ್ಜಿಯಿಂದ ಮನೆಗೆ ಬಂದು ಜಗಲಿಯಲ್ಲಿ ನಿಂತಿದ್ದಾಗ ಟೀಚರ ತಮ್ಮ ಒಳಗಿನಿಂದ ಬಂದರು. ಕೈಯಲ್ಲಿ ಕೆಲವು ಕವರುಗಳು, ಒಂದೊಂದರ ಮೇಲೂ ಟೀಚರ ಅಕ್ಷರದಲ್ಲಿ ನಮ್ಮ ಹೆಸರು.

"ಅಕ್ಕ ಹೇಳಿಟ್ಟಿದ್ದಾಳೆ" ಎಂದರು ಅವರು, ತಲೆ ತಗ್ಗಿಸಿಕೊಂಡು. "ಈ ತಿಂಗಳ ಪಾಠ ಅರ್ಧಕ್ಕೆ ನಿಂತರೆ ಉಳಿದ ಫೀಸು ನಿಮಗೆ ವಾಪಸ್ ಕೊಡಬೇಕಂತೆ. ಕಲಿಸದ ಪಾಠದ್ದು ತನಗೆ ಬೇಡ ಅಂದಳು."

ನನಗೆ ಅಳು ತಡೆಯಲಾಗಲಿಲ್ಲ. ನಾವು ಫೀಸಿನ ಹೆಸರಿನಲ್ಲಿ ಕೊಟ್ಟದ್ದನ್ನು ಈ ಪುಣ್ಯಾತ್ಗಿತ್ತಿ ಕೊನೆಯವರೆಗೂ ಫೀಸೇ ಎಂದು ನಡೆಸಿದ್ದರು. ಅದರಲ್ಲಿ ನಮಗೆ ದೊಡ್ಡ ಮನುಷ್ಯರಾಗಲು ಒಂದು ಚೂರೂ ಜಾಗ ಬಿಟ್ಟಿರಲಿಲ್ಲ. ಶೇಖರಣ್ಣ ಅಂಗಳಕ್ಕೆ ಇಳಿದು ಬೆನ್ನು ತಿರುಗಿಸಿ ನಿಂತರು. ಟೀಚರ ತಮ್ಮ ಮೊದಲ ಕವರನ್ನು ಪ್ರಮೀಳಕ್ಕನ ಕಡೆಗೆ ಚಾಚಿದರು.

ಪ್ರಮೀಳಕ್ಕ ಕೈ ಮುಂದೆ ಮಾಡಲಿಲ್ಲ. ಗೋಡೆಗೆ ಒರಗಿಸಿದ್ದ ಎರಡು ಕುರ್ಚಿಗಳನ್ನು ತಂದು ಎದುರುಬದುರಾಗಿ ಇಟ್ಟರು.

"ಮೊದಲು ಕೂತುಕೊಳ್ಳಿ" ಎಂದರು.

ಟೀಚರ ತಮ್ಮನಿಗೆ ಅರ್ಥವಾಗಲಿಲ್ಲ, ಆದರೂ ಕೂತರು. ಪ್ರಮೀಳಕ್ಕ ಎದುರಿಗೆ ಕೂತರು. ಒಳಗಿನಿಂದ ಚಾ ಬಂತು. ಚಾ ಕುಡಿದು ಲೋಟವನ್ನು ಕೆಳಗಿಟ್ಟ ಮೇಲೆ ಪ್ರಮೀಳಕ್ಕ ಎರಡೂ ಕೈ ಚಾಚಿ ಕವರು ತೆಗೆದುಕೊಂಡರು.